ಪರರ ಹೆಸರನ್ನು ಕೆತ್ತಿದವರು

1725ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಜಿನೀವಾ ನಗರದ ಕೆತ್ತನೆಗಾರ ಆಬೆಲ್ ದ್ಯುಕೊಮಂ ಎಂಬಾತನ ಕಾರ್ಯಾಗಾರಕ್ಕೆ, ಐದು ವರ್ಷ ಅಲ್ಲಿಯೇ ಇದ್ದು ಕಸುಬು ಕಲಿಯತಕ್ಕದ್ದೆಂಬ ಕರಾರಿನ ಮೇಲೆ, ಹದಿಮೂರು ತುಂಬದ ಹುಡುಗನೊಬ್ಬನನ್ನು ಅವನ ಹಿರಿಯರು ತಂದು ಸೇರಿಸಿದರು. ಹುಡುಗನ ಹೆಸರು ಜಾನ್ ಜಾಕ್ ರೂಸೋ. ಅವನ ತಂದೆ ಐಸಾಕ್ ಗಡಿಯಾರ ಮಾಡುವವನು. ಕೆಲವು ವರ್ಷ ಕಾನ್‌ಸ್ಟಾಂಟಿನೋಪಲಿನಲ್ಲಿ ನೆಲಸಿ ತುರ್ಕರ ನಡುವೆ ಅದೇ ವೃತ್ತಿಯನ್ನು ನಡೆಸಿ ಬಂದವನು. ಅಜ್ಜ ದಾವೀದನೂ ಮುತ್ತಜ್ಜ ಜಾನನೂ ಅದೇ ಕಸುಬಿನವರು. ಮುಂದೆ ತನ್ನ ಆತ್ಮಕಥೆಯಲ್ಲಿ ಈ ದಿನಗಳನ್ನು ನೆನೆಯುತ್ತ ರೂಸೋ, ತನಗೆ ಚಿತ್ರ ಬರೆಯುವುದರಲ್ಲಿ ಅಭಿರುಚಿಯಿದ್ದಿತೆಂದೂ, ಲೋಹದ ಮೇಲೆ ಉಳಿಯಾಡಿಸುವ ಕೆಲಸ ಹಿತವಾಗಿದ್ದಿತೆಂದೂ, ಗಡಿಯಾರದ ಕೆತ್ತನೆಗೆ ಬೇಕಾಗುವ ಪ್ರತಿಭೆ ಬಹು ಪರಿಮಿತವಾದುದರಿಂದ ಅದರಲ್ಲಿ ಪರಿಪೂರ್ಣತೆಯನ್ನು ಮುಟ್ಟುವ ಭರವಸೆ ತನಗಿದ್ದಿತೆಂದೂ ಹೇಳಿಕೊಂಡಿದ್ದಾನೆ. ಮಾತು ಮಹಾಪುರುಷನದೇ ಆದರೂ ಇದನ್ನು ಅಂಗೀಕರಿಸಲು ನನ್ನ ಮನಸ್ಸು ಒಡಂಬಡದು. ಆ ಕಲೆಗೆ ದೊರೆತ ಸ್ಥಳ ಪರಿಮಿತವಾಗಿದ್ದಿತು, ನಿಜ; ಅದಕ್ಕೆ ದೊರೆತ ಕೀರ್ತಿ ಇನ್ನೂ ಪರಿಮಿತ. ಆದರೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಹಿತ್ತಾಳೆಯಲ್ಲಿ ಬಳ್ಳಿಯನ್ನೂ ಹಕ್ಕಿಯನ್ನೂ ಮನುಷ್ಯಮುಖವನ್ನೂ ತಪ್ಪಿಲ್ಲದೆ ಮೂಡಿಸಿದ ಕೈಗಳ ಚರಿತ್ರೆಯನ್ನು ಅರಿತವರಿಗೆ, ಪರಿಮಿತವೆಂಬ ವಿಶೇಷಣವನ್ನು ಪ್ರತಿಭೆಗೆ ಅಂಟಿಸುವುದು ಅನ್ಯಾಯವೆಂದೇ ತೋರುವುದು.

ಜಿನೀವಾ ಈ ಕಲೆಗೆ ನೆಲೆಯಾದ ಬಗೆಯನ್ನು ಕುರಿತು ಸಾಮಾನ್ಯವಾಗಿ ಹೇಳುವ ಕಥೆ ಹೀಗಿದೆ: ಮತಸುಧಾರಕ ಕ್ಯಾಲ್ವಿನನು 1541ರಲ್ಲಿ ನಗರಕ್ಕೆ ಹಿಂದಿರುಗಿ ಅಲ್ಲಿನ ಧಾರ್ಮಿಕ ಜೀವನವನ್ನು ಕಟ್ಟುನಿಟ್ಟಿಗೆ ಒಳಪಡಿಸಿದ ಮೇಲೆ ಆಡಂಬರದ ಒಡವೆಗಳಿಗೆ ಅಲ್ಲಿ ಎಡೆಯಿಲ್ಲವಾಯಿತು, ಅಕ್ಕಸಾಲಿಗರು ಗತ್ಯಂತರವಿಲ್ಲದೆ ಗಡಿಯಾರಕ್ಕೆ ತಿರುಗಿದರು. ಕಥೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. 1566ರಲ್ಲಿ ಅಕ್ಕಸಾಲಿಗರ ಶ್ರೇಣಿಗೆ ವಿಧಿಸಿದ ನಿಯಮಗಳು ಶಿಲುಬೆ, ಪೂಜಾಪಾತ್ರೆ ಮೊದಲಾದ ರೋಮನ್ ಸಂಪ್ರದಾಯದ ವಸ್ತುಗಳ ನಿರ್ಮಾಣವನ್ನು ನಿಷೇಧಿಸಿದುವು. ಆದರೆ ಅದೇ ಕಾಲದಲ್ಲಿ ಮತದ್ವೇಷದ ಕ್ರೌರ್ಯದಿಂದ ತಪ್ಪಿಸಿಕೊಂಡು ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು ತಮ್ಮ ಕೈಯಲ್ಲಿ ಗಡಿಯಾರದ ವಿದ್ಯೆಯನ್ನು ತಂದಿರದಿದ್ದರೆ ಆ ನಿಷೇಧದಿಂದ ದಾರಿದ್ರ್ಯವಲ್ಲದೆ ಬೇರೇನೂ ಹುಟ್ಟುತ್ತಿರಲಿಲ್ಲ. 1572ರ ಸಂತ ಬಾರ್ತಲೋಮಿಯ ದಿನದ ಹತ್ಯಾಕಾಂಡದ ಅನಂತರ ವಲಸೆ ಹೆಚ್ಚಿತು. ಅಕ್ಕಸಾಲಿಗನ ಉಳಿಯೂ ಅಗತಿಕನ ಚಕ್ರವಿದ್ಯೆಯೂ ಹೀಗೆ ಒಂದೇ ಊರಿನಲ್ಲಿ ಸಂಧಿಸಿದುವು. 1601ರಲ್ಲಿ ಗಡಿಯಾರಗಾರರ ಶ್ರೇಣಿ ಸ್ಥಾಪಿತವಾಯಿತು. ರೂಸೋವಿನ ಪೂರ್ವಿಕನೂ ಪ್ಯಾರಿಸಿನಿಂದ ಮತಾಂತರದ ಕಾರಣಕ್ಕಾಗಿ ಬಂದು ನೆಲಸಿದವನೇ.

ಆ ಮೊದಲ ಗಡಿಯಾರಗಳು ಕಾಲವನ್ನು ತೋರಿಸುವುದರಲ್ಲಿ ಬಹು ಅವಿಶ್ವಸನೀಯವಾಗಿದ್ದುವು. ದಿನಕ್ಕೆ ಅರ್ಧ ಗಂಟೆ ಹಿಂದುಮುಂದಾಗುವ ಯಂತ್ರವನ್ನು ಕೊರಳಲ್ಲಿ ತೂಗಿಸಿಕೊಂಡು ನಡೆದ ಶ್ರೀಮಂತರು ಅದನ್ನು ಕೊಂಡದ್ದು ಅದರ ಸೊಬಗಿಗಾಗಿ. ತುಲಿಪ್ ಹೂವಿನ, ಕಪ್ಪೆಚಿಪ್ಪಿನ, ತಲೆಬುರುಡೆಯ ಆಕಾರದ ಗಡಿಯಾರಗಳು ಆ ಶತಮಾನದಲ್ಲಿ ಹುಟ್ಟಿದುವು. ಆದುದರಿಂದ ಯಂತ್ರಕಾರನಿಗಿಂತ ಕೆತ್ತನೆಗಾರನ ಹೊಣೆಯೇ ಅಂದು ದೊಡ್ಡದು. ಅವನ ಮುಂದೆ ಮಾದರಿಗಾಗಿ ಅಚ್ಚಿನ ಹಾಳೆಗಳಿರುತ್ತಿದ್ದುವು: ಪ್ಯಾರಿಸಿನ ಟಂಕಸಾಲೆಯಲ್ಲಿ ಕೆಲಸ ಮಾಡಿ, ಪ್ರಾಟೆಸ್ಟೆಂಟನಾದ ತಪ್ಪಿಗೆ ದೇಶ ಬಿಟ್ಟು ಸ್ಟ್ರಾಸ್‌ಬರ್ಗ್ ಸೇರಿದ ಎತಿಯೆನ್ ದಲೋನ್, ಲೀಯೇಜಿನಲ್ಲಿ ಹುಟ್ಟಿ ಫ್ರಾಂಕ್‌ಫರ್ಟಿನಲ್ಲಿ ನೆಲಸಿದ ಥಿಯೊಡರ್ ಡ ಬ್ರೈ, ಇಂಥವರು ಮುದ್ರಿಸಿದ ಅಂಗೈಯಗಲದ ಚಿತ್ರಗಳು ಯೂರೋಪಿನ ಅಕ್ಕಸಾಲೆಗಳಲ್ಲೆಲ್ಲ ಕೈಯಿಂದ ಕೈಗೆ ಸಾಗುತ್ತಿದ್ದುವು. ಸುರುಳಿ ಬಳ್ಳಿ, ಅದರ ನಡುವೆ ಮೊಲವನ್ನಟ್ಟುವ ನಾಯಿ, ರೆಕ್ಕೆಯ ಶಿಶು, ಪುರಾಣದ ದೇವತೆ: ಇವೆಲ್ಲ ಆ ಹಾಳೆಗಳಿಂದ ಇಳಿದು ಹಿತ್ತಾಳೆ, ಬೆಳ್ಳಿ, ಚಿನ್ನಗಳ ಮೇಲೆ ನೆಲಸಿದುವು.

ಕೆಲಸದ ವಿಧಾನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೆತ್ತನೆಗಾರನ ಮುಖ್ಯಾಯುಧ ಹದಗೊಳಿಸಿದ ಉಕ್ಕಿನ ಚೂಪಾದ ಉಳಿ. ಅದರ ಅಣಬೆಯಾಕಾರದ ಮರದ ಹಿಡಿ ಅಂಗೈಯ ಗುಳಿಯಲ್ಲಿ ಕುಳಿತಿರುತ್ತದೆ, ಹೆಬ್ಬೆರಳು ಲೋಹದ ಮೇಲೆ ಊರಿ ಉಳಿಯ ವೇಗವನ್ನು ತಡೆಹಿಡಿಯುತ್ತದೆ. ಕೆತ್ತಬೇಕಾದ ಬಿಲ್ಲೆಯನ್ನು ಅರಗಿನಲ್ಲಿ ಅಂಟಿಸಿ, ಮರಳು ತುಂಬಿದ ತೊಗಲಿನ ದಿಂಬಿನ ಮೇಲಿಟ್ಟು, ಬಲಗೈ ಉಳಿಯನ್ನು ಮುಂದೊತ್ತುತ್ತಿರುವಾಗ ಎಡಗೈ ಬಿಲ್ಲೆಯನ್ನೇ ಉಳಿಯ ಕಡೆಗೆ ತಿರುಗಿಸುತ್ತ ಹೋಗುವುದು. ಬಳ್ಳಿಯ ಬಾಗು ಎಡಗೈಯಿಂದ ಹುಟ್ಟುತ್ತದೆ, ಆಳ ಬಲಗೈಯಿಂದ. ಗೆರೆ ತುಸು ಓರೆಯಾದರೆ ಬೆಳಕು ಬೇರೆ, ನೇರವಾದರೆ ಬೇರೆ. ಹಿನ್ನೆಲೆಯನ್ನು ಚುಕ್ಕೆಯಿಟ್ಟು ಮಂಕಾಗಿಸಿದರೆ ಎಲೆ ಮೇಲೆದ್ದು ನಿಲ್ಲುತ್ತದೆ. ತಪ್ಪಿ ಒತ್ತಿದ ಗೆರೆಯನ್ನು ಅಳಿಸಲು ಉಪಾಯವಿಲ್ಲ. ಲೋಹವನ್ನೇ ಉಜ್ಜಿ ತೆಳ್ಳಗೆ ಮಾಡಬೇಕು, ಆಗ ಭಾಗವೇ ಕೆಲಸಕ್ಕೆ ಬಾರದು. ಹಗಲು ಬೆಳಕಿಗಾಗಿ ಮನೆಯ ಮೇಲಂತಸ್ತಿನ ಕಿಟಕಿಯೇ ಬೇಕು; ಇರುಳಿನಲ್ಲಿ ನೀರು ತುಂಬಿದ ಗಾಜಿನ ಗೋಳವೊಂದನ್ನು ದೀಪದ ಮುಂದಿಟ್ಟು ಅದರಿಂದ ಒಟ್ಟುಗೂಡಿ ಬಿದ್ದ ಬೆಳಕಿನ ಕೆಳಗೆ, ಭೂತಗನ್ನಡಿಯನ್ನು ಕಣ್ಣಿಗೆ ಸೇರಿಸಿಕೊಂಡು ಕೂರಬೇಕು. ಕೆತ್ತಿ ಮುಗಿದ ಹಿತ್ತಾಳೆಗೆ ಪಾದರಸದಲ್ಲಿ ಕರಗಿಸಿದ ಚಿನ್ನವನ್ನು ಸವರಿ, ಬೆಂಕಿಗೆ ಹಿಡಿದು, ಪಾದರಸವನ್ನು ಆವಿಯಾಗಿಸಿ ಗಿಲೀಟು ಮಾಡುವವನು ಬೇರೆಯವನು. ಆ ಆವಿ ಅವನ ನರಗಳನ್ನು ಹಾಳುಮಾಡಿ ಕೈನಡುಕ ತರುತ್ತಿದ್ದಿತು. ಗಡಿಯಾರದ ಹೊಂಬಣ್ಣವನ್ನು ಹೊಗಳುವವರು ಈ ನಡುಗುವ ಕೈಯನ್ನೂ ಸ್ಮರಿಸುವುದು ಧರ್ಮ.

1675ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸನು ಗಡಿಯಾರದ ತೂಗುಚಕ್ರಕ್ಕೆ ಸುರುಳಿತಂತಿಯನ್ನು ಜೋಡಿಸಿದನು. ಅಲ್ಲಿಂದಾಚೆಗೆ ಗಡಿಯಾರ ನಿಜವಾಗಿ ಕಾಲವನ್ನು ಹೇಳತೊಡಗಿತು. ಇನ್ನು ಅಲಂಕಾರಕ್ಕೇನು ಕೆಲಸವೆಂದು ಕೇಳಬಹುದು. ಆದರೆ ಅದೇ ಚಕ್ರ ಕೆತ್ತನೆಗಾರನಿಗೆ ಹೊಸದೊಂದು ಕ್ಷೇತ್ರವನ್ನು ಕೊಟ್ಟಿತು. ತೂಗುಚಕ್ರದ ಮೇಲ್ತುದಿಯನ್ನು ಹಿಡಿದು ನಿಲ್ಲಿಸಲು ಅದರ ಮೇಲೆ ಹಿತ್ತಾಳೆಯ ತುಂಡೊಂದನ್ನು ಕೂರಿಸುವುದುಂಟು. ಇಂಗ್ಲಿಷ್ ಕಸುಬಿನವರು ಅದನ್ನು ಕಾಕ್ ಎಂದು ಕರೆದರು. ಸುರುಳಿತಂತಿ ಬಂದ ಮೇಲೆ ಚಕ್ರ ದೊಡ್ಡದಾಯಿತು, ಅದನ್ನು ಮುಚ್ಚುವ ಕಾಕೂ ದೊಡ್ಡದಾಯಿತು. ಲಂಡನ್ನಿನ ಕೆತ್ತನೆಗಾರರು ಈ ವರ್ತುಲವನ್ನು ಜಾಲರಿಯಂತೆ ಕೊರೆದು, ಬಳ್ಳಿಗಳಿಂದ ತುಂಬಿ, ಕುತ್ತಿಗೆಯ ಬಳಿ ಮನುಷ್ಯಮುಖವನ್ನೋ ರಾಕ್ಷಸಮುಖವನ್ನೋ ಇಟ್ಟರು. ಫ್ರಾನ್ಸಿನವರೂ ಸ್ವಿಸ್ಸರೂ ಅದಕ್ಕೆ ಎರಡು ಕಾಲು ಕೊಟ್ಟು ಸೇತುವೆಯ ಆಕಾರದಲ್ಲಿ ಕೆತ್ತಿದರು. ಇದೆಲ್ಲ ಗಡಿಯಾರದ ಒಳಗೆ. ಹೊರಗವಚವನ್ನು ತೆರೆದು, ಒಳಗವಚದಿಂದ ಯಂತ್ರವನ್ನು ಹೊರಕ್ಕೆ ತಿರುಗಿಸಿದಲ್ಲದೆ ಒಡೆಯನ ಕಣ್ಣಿಗೂ ಅದು ಕಾಣದು. ಅದನ್ನು ಪದೇ ಪದೇ ಕಾಣುವವನು ದುರಸ್ತಿಗಾರನೊಬ್ಬನೇ. ಆದರೂ ಒಂದು ಕಾಕಿನಂತೆ ಇನ್ನೊಂದು ಕಾಕಿಲ್ಲ; ನೂರಾರು ಗಡಿಯಾರಗಳನ್ನು ಸಾಲಾಗಿ ಬಿಚ್ಚಿಟ್ಟರೂ ಬಳ್ಳಿ ಬಾಗಿದ ರೀತಿ ಬೇರೆಬೇರೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳ್ಳಿ ಚಿನ್ನದ ಆಸೆಗೆ ಹಳೆಯ ಗಡಿಯಾರಗಳ ಕವಚಗಳನ್ನು ಕರಗಿಸಿದವರು ಕೂಡ ಈ ಕಾಕುಗಳನ್ನು ಬಿಸಾಡಲಾರದೆ ಹೋದರು. ಅವುಗಳನ್ನು ಸರವಾಗಿ ಪೋಣಿಸಿ ಹೆಂಗಸರು ಕೊರಳಿಗೆ ಹಾಕಿಕೊಂಡದ್ದುಂಟು. ಕತ್ತಲೆಯಲ್ಲಿರಲೆಂದು ಮಾಡಿದ ಕೆಲಸ ಹೀಗೆ ಯಂತ್ರ ಸತ್ತ ಮೇಲೆ ಬೆಳಕಿಗೆ ಬಂದಿತು.

ಕಾಕಿನ ಪಕ್ಕದ ತಟ್ಟೆಯ ಮೇಲೆ ಗಡಿಯಾರಗಾರನ ಹೆಸರು, ಊರು, ಸಂಖ್ಯೆ ಇರುತ್ತವೆ. ಆ ಅಕ್ಷರಗಳ ಕೊಂಡಿಗಳನ್ನೂ ಬಾಲಗಳನ್ನೂ ಅಷ್ಟು ಲಲಿತವಾಗಿ ಬಾಗಿಸಿದ ಕೈ ಆ ಹೆಸರಿನವನದಲ್ಲ, ಕೆತ್ತನೆಗಾರನದು. ಜೀವಮಾನವೆಲ್ಲ ಪರರ ಹೆಸರನ್ನು ಕೆತ್ತಿ ತನ್ನ ಹೆಸರನ್ನು ಎಲ್ಲಿಯೂ ಬರೆಯದೆ ಹೋದ ಕಲಾವಿದರ ಸಮೂಹ ಇದು. ಚಿನ್ನದ ಹೊರಗವಚವನ್ನು ಅರಗಿನ ಮೇಲಿಟ್ಟು ಹಿಂದಿನಿಂದ ಬಡಿದುಬ್ಬಿಸಿ ಪುರಾಣದೃಶ್ಯಗಳನ್ನು ತೆಗೆಯುತ್ತಿದ್ದ ಕೆಲವರು ಮಾತ್ರ ಇದಕ್ಕೆ ಅಪವಾದ. ಅವರು ದೃಶ್ಯದ ಅಂಚಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ತಮ್ಮ ಹೆಸರನ್ನು ಹಾಕುತ್ತಿದ್ದರು. ಅವರಲ್ಲಿ ಜಾರ್ಜ್ ಮೈಕೆಲ್ ಮೋಸರನ ಅದೃಷ್ಟ ಅಪೂರ್ವವಾದುದು. 1706ರಲ್ಲಿ ಸ್ವಿಟ್ಸರ್ಲೆಂಡಿನ ಶಾಫ್‌ಹೌಸನ್ನಿನಲ್ಲಿ ಹುಟ್ಟಿ, ಲಂಡನ್ನಿಗೆ ಬಂದು ಗಡಿಯಾರದ ಕವಚಗಳನ್ನು ಉಬ್ಬುಕೆತ್ತನೆಯಿಂದ ಅಲಂಕರಿಸಿದ ಈತ ಮುಂದೆ ರಾಜ ಮೂರನೆಯ ಜಾರ್ಜನಿಗೆ ಚಿತ್ರಕಲೆಯ ಗುರುವಾದನು. 1768ರಲ್ಲಿ ರಾಯಲ್ ಅಕಾಡೆಮಿ ಸ್ಥಾಪಿತವಾದಾಗ ಅದರ ಪ್ರಥಮ ಕೀಪರ್ ಪದವಿ ಈತನಿಗೆ ಸಂದಿತು. ಅವನ ಮಗಳು ಮೇರಿ ಆ ಸಂಸ್ಥೆಯ ಸ್ಥಾಪಕ ಸದಸ್ಯರಲ್ಲಿದ್ದ ಇಬ್ಬರು ಸ್ತ್ರೀಯರಲ್ಲಿ ಒಬ್ಬಳು. ಇದೇ ಕಸುಬಿನ ಇನ್ನೊಬ್ಬ, ಡಾನ್‌ಜಿಗ್ ಮೂಲದ ಹೈಟ್ ಎಂಬಾತ, ಲಂಡನ್ನಿನಲ್ಲಿ ಕವಚಗಳನ್ನು ಕೆತ್ತುತ್ತಿದ್ದವನು ಮೊರೇವಿಯನ್ ಭಕ್ತರ ಸಂಘ ಸೇರಿ, ಉಳಿಯನ್ನು ಕೆಳಗಿಟ್ಟು ಕುಂಚ ಹಿಡಿದು, ಅಮೆರಿಕದ ಬೆತ್ಲಹೆಮಿನಲ್ಲಿ ಧಾರ್ಮಿಕ ಚಿತ್ರಗಳನ್ನು ಬರೆಯುತ್ತ ಕಾಲವಾದನು.

ರೂಸೋ ಉಳಿಯನ್ನು ಬಿಟ್ಟ ಬಗೆ ಇದಕ್ಕಿಂತ ಕಹಿಯಾದುದು. ಬಿಡುವಿನ ಹೊತ್ತಿನಲ್ಲಿ ಅವನು ತನಗೂ ಗೆಳೆಯರಿಗೂ ವೀರಪದಕಗಳನ್ನು ಕೆತ್ತಿಕೊಂಡನು. ಪರರ ಹೆಸರಿಗಲ್ಲದೆ ತನಗಾಗಿ ಆ ಹುಡುಗ ಮಾಡಿದ ಕೆತ್ತನೆ ಅದು. ಪದಕಗಳ ಮೇಲೆ ಗಣರಾಜ್ಯದ ಲಾಂಛನವಿದ್ದುದನ್ನು ಕಂಡ ಯಜಮಾನ, ಖೋಟಾ ನಾಣ್ಯ ಮಾಡುವ ಅಭ್ಯಾಸವಿದೆಂದು ಹೊಡೆದನು. ಅಲ್ಲಿಂದ ಮುಂದೆ ಕೆಲಸ ದಾಸ್ಯವಾಯಿತು. 1728ರ ಮಾರ್ಚ್ ತಿಂಗಳ ಒಂದು ಭಾನುವಾರ, ಊರಾಚೆ ತಿರುಗಾಡಿ ಹಿಂದಿರುಗುವಾಗ ನಗರದ್ವಾರ ಮುಚ್ಚಿದ್ದುದನ್ನು ಕಂಡು, ಬೆಳಗಾದರೆ ಬೀಳಲಿರುವ ಏಟನ್ನು ನೆನೆದು, ಅವನು ಮರಳಿ ಒಳಗೆ ಹೋಗದೆ ಜಗತ್ತಿನೊಳಗೆ ನಡೆದುಬಿಟ್ಟನು. ಮೂವತ್ತನಾಲ್ಕು ವರ್ಷಗಳ ಅನಂತರ ಅದೇ ನಗರ ಅವನ 'ಎಮಿಲ್' ಮತ್ತು 'ಸಾಮಾಜಿಕ ಒಡಂಬಡಿಕೆ' ಗ್ರಂಥಗಳನ್ನು ಸುಟ್ಟಿತು. 'ಎಮಿಲ್'ನಲ್ಲಿ ಆದರ್ಶ ಬಾಲಕನಿಗೆ ರೂಸೋ ಆರಿಸಿ ಕೊಟ್ಟ ಕಸುಬು ಬಡಗಿತನ, ಕೆತ್ತನೆಯಲ್ಲ. ಅದನ್ನು ಓದುವಾಗ ದ್ಯುಕೊಮಂನ ಏಟುಗಳು ಇನ್ನೂ ಮಾಸಿರಲಿಲ್ಲವೇನೋ ಎನಿಸುತ್ತದೆ.

ಅವನು ಬಿಟ್ಟುಹೋದ ಜಿನೀವಾ ಮಾತ್ರ ಆ ಶತಮಾನದಲ್ಲಿ ಈ ಕಲೆಯ ರಾಜಧಾನಿಯಾಯಿತು. ಸೇಂಟ್ ಜೆರ್ವೇ ಬಡಾವಣೆಯ ಮೇಲಂತಸ್ತುಗಳಲ್ಲಿ, ಛಾವಣಿಯ ಕೆಳಗಿನ ಬೆಳಕುಕೋಣೆಗಳಲ್ಲಿ, ಗಡಿಯಾರಗಾರರೂ ಕೆತ್ತನೆಗಾರರೂ ಎನಾಮಲ್ ಚಿತ್ರಕಾರರೂ ಒಬ್ಬರ ಕೆಲಸವನ್ನೊಬ್ಬರು ಪೂರೈಸುತ್ತ ಬದುಕಿದರು. ಅವರ ಕೈಗೆ ಶಾಸ್ತ್ರೀಯ ಶಿಕ್ಷಣ ಬೇಕೆಂದು ನಗರ 1751ರಲ್ಲಿ ಚಿತ್ರಶಾಲೆಯನ್ನು ತೆರೆದು ಅದರ ಆಡಳಿತವನ್ನು ಪಿಯೇರ್ ಸುಬೇರಾನ್ ಎಂಬ ಕೆತ್ತನೆಗಾರನಿಗೇ ಒಪ್ಪಿಸಿತು. 1776ರಲ್ಲಿ ವಿಜ್ಞಾನಿ ಸೊಸ್ಯೂರನೂ ಗಡಿಯಾರಗಾರ ಫೈಜಾನನೂ ಸೇರಿ ಕಲಾಸಂಘವನ್ನು ಸ್ಥಾಪಿಸಿದರು. ಆದರೆ ಕಸುಬಿನ ಬಹುಜನರು ನಗರದಲ್ಲಿ ಹುಟ್ಟಿಯೂ ನಾಗರಿಕ ಹಕ್ಕಿಲ್ಲದವರು. 1770ರ ಗಲಭೆಯಲ್ಲಿ ಅವರಲ್ಲಿ ಹಲವರು ಗಡಿ ದಾಟಿ ಫೆರ್ನೆಗೆ ಓಡಿದಾಗ, ವೃದ್ಧ ವಾಲ್ಟೇರನು ಅವರಿಗೆ ಆಶ್ರಯವಿತ್ತು ಕಾರ್ಯಾಗಾರ ತೆರೆದು, ಅವರ ಗಡಿಯಾರಗಳನ್ನು ರಷ್ಯದ ರಾಣಿಗೂ ಮಾರಿಸಿದನು.

ಇದೇ ಕಾಲದಲ್ಲಿ ನ್ಯೂಶಾಟೆಲ್‌ನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಅಂಗಡಿಯಿಟ್ಟ ಅಬ್ರಹಾಂ ಲೂಯಿ ಬ್ರೆಗೆ (1747–1823) ಅಲಂಕಾರದ ಅರ್ಥವನ್ನೇ ಬದಲಿಸಿದನು. ಬಳ್ಳಿ, ಶಿಶು, ದೇವತೆಗಳನ್ನೆಲ್ಲ ಒರಸಿಹಾಕಿ, 1786ರ ಸುಮಾರಿಗೆ ಗಡಿಯಾರದ ಮುಖಫಲಕದ ಮೇಲೆ ಗಿಯೋಶೆ ಎಂಬ ಯಂತ್ರಸಹಾಯದ ಕೆತ್ತನೆಯನ್ನು ತಂದನು. ಇದರಲ್ಲಿ ಉಳಿ ನಿಂತಿರುತ್ತದೆ. ಅಲೆಯಂಚಿನ ಬಿಲ್ಲೆಗಳ ಒತ್ತಡಕ್ಕೆ ಓಲಾಡುವ ತಿರುಗಣೆಯ ಮೇಲೆ ಲೋಹವೇ ಸುತ್ತುತ್ತದೆ. ಓಲಾಟದ ಲಯಕ್ಕೆ ತಕ್ಕಂತೆ ಗೆರೆಗಳ ಜಾಲ ಮೂಡುತ್ತದೆ. ಯಂತ್ರವೆಂದ ಮಾತ್ರಕ್ಕೆ ಕೈಗೆ ಕೆಲಸವಿಲ್ಲವೆಂದಲ್ಲ: ಉಳಿಯ ಒತ್ತಡ ಕೂದಲೆಳೆಯಷ್ಟು ಹೆಚ್ಚಾದರೂ ಗೆರೆಯ ಹೊಳಪು ಕೆಡುತ್ತದೆ. ಈ ಸಣ್ಣ ತೆರೆಗಳು ಲೋಹದ ಕಣ್ಣುಕೋರೈಸುವಿಕೆಯನ್ನು ತಗ್ಗಿಸಿ, ಗಂಟೆಯ ಅಂಕಿಗಳ ಭಾಗವನ್ನೂ ಇತರ ಭಾಗಗಳನ್ನೂ ಪ್ರತ್ಯೇಕಿಸಿ ಓದಲು ಸುಲಭಗೊಳಿಸಿದುವು. ಅಲಂಕಾರ ಇಲ್ಲಿ ಉಪಯೋಗಕ್ಕೆ ಸೇವಕನಾಯಿತು. ಬ್ರೆಗೆಯ ಹೆಸರು ದೊಡ್ಡದಾದಷ್ಟೂ ಆ ಹೆಸರನ್ನು ಕದ್ದು ಕೆತ್ತಿದ ಖೋಟಾ ಗಡಿಯಾರಗಳು ಹೆಚ್ಚಿದುವು. ಆಗ ಅವನು 1795ರ ಸುಮಾರಿನಿಂದ, ಪದಕಶಿಲ್ಪಿ ಜಾನ್ ಪಿಯೇರ್ ದ್ರೋ ರಚಿಸಿದ ಉಪಕರಣವೊಂದರಿಂದ, ಮುಖಫಲಕದ ಮೇಲೆ ಹನ್ನೆರಡರ ಅಂಕಿಯ ಬಳಿ ತನ್ನ ಸಹಿಯನ್ನು ಅಡಗಿಸಿಡತೊಡಗಿದನು. ಓರೆಬೆಳಕಿನಲ್ಲಿ ಹಿಡಿದು ನೋಡಿದರಷ್ಟೆ ಅದು ಕಾಣುವುದು. ಎದ್ದು ಕಾಣಲೆಂದು ಕೆತ್ತಿದ ಹೆಸರಿಗೆ ಬೆಲೆ ಕಳೆದು, ಕಾಣದಿರಲೆಂದು ಕೆತ್ತಿದ ಹೆಸರು ಪ್ರಮಾಣವಾಯಿತು.

ಪೂರ್ವದೇಶದ ಕಡೆಗೆ ಹೋದ ಗಡಿಯಾರಗಳ ವಿಷಯ ಇದಕ್ಕೆ ತದ್ವಿರುದ್ಧ. 1818ರಲ್ಲಿ ಕ್ಯಾಂಟನ್ ಬಂದರಿಗೆ ಹೋದ ಫ್ಲೂರಿಯೆ ಗ್ರಾಮದ ಎದ್ವಾರ್ ಬೋವೆಯೂ ಅವನಂಥ ವರ್ತಕರೂ ಚೀನಾದ ಗಿರಾಕಿಗಳ ರುಚಿಯನ್ನರಿತು, ಯಂತ್ರದ ಪ್ರತಿಯೊಂದು ಸೇತುವೆಯನ್ನೂ ಹೂಬಳ್ಳಿಗಳಿಂದ ಮುಚ್ಚಿಸಿ, ಅದರ ಮೇಲೆ ಗಾಜನ್ನಿಟ್ಟು ತೋರಿಸಿದರು. ಶತಮಾನಗಳ ಕಾಲ ಮುಚ್ಚಿದ ಕವಚದೊಳಗಿದ್ದ ಕೆತ್ತನೆಯನ್ನು ಪೂರ್ವದ ರಸಿಕರು ಕಣ್ಣೆದುರಿಗೆ ತರಿಸಿದರೆಂಬುದು ನಮಗೆ ಸಂತೋಷದ ವಿಷಯ.

ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಕೆತ್ತನೆಗಾರರ ದೊಡ್ಡ ಸಮುದಾಯ ಜಿನೀವಾದಾಚೆ ಜುರಾ ಬೆಟ್ಟಗಳ ಊರುಗಳಲ್ಲಿ, ಲ ಶೋ ದ ಫೋಂ, ಲ ಲೋಕ್ಲ್, ಸೋನ್ವಿಲಿಯೆಗಳಲ್ಲಿ ನೆಲಸಿತು. 1867ರಲ್ಲಿ ಪ್ರಕಟವಾದ 'ಬಂಡವಾಳ' ಗ್ರಂಥದಲ್ಲಿ ಕಾರ್ಲ್ ಮಾರ್ಕ್ಸನು ಶ್ರಮವಿಭಜನೆಗೆ ಗಡಿಯಾರದ ಕಸುಬನ್ನೇ ನಿದರ್ಶನವಾಗಿ ಕೊಟ್ಟು, ಅದರ ಹತ್ತಾರು ಉಪವೃತ್ತಿಗಳ ದೀರ್ಘ ಪಟ್ಟಿಯಲ್ಲಿ ಕೆತ್ತನೆಗಾರನನ್ನೂ ಹೆಸರಿಸಿ, ಲ ಶೋ ದ ಫೋಂ ಊರಿಗೆ ಊರೇ ಒಂದು ಗಡಿಯಾರದ ಕಾರ್ಖಾನೆಯೆಂದನು. ನಾಲ್ಕು ವರ್ಷಗಳಲ್ಲಿ ಆ ಪಟ್ಟಿಯಿಂದ ಒಂದು ಪ್ರತ್ಯುತ್ತರ ಬಂದಿತು. 1871ರ ನವೆಂಬರ್ 12ರಂದು ಸೋನ್ವಿಲಿಯೆಯಲ್ಲಿ ಸೇರಿದ ಜುರಾ ಕಾರ್ಮಿಕರು, ಮಾರ್ಕ್ಸನ ಪ್ರಭಾವಕ್ಕೊಳಗಾಗಿದ್ದ ಅಂತಾರಾಷ್ಟ್ರೀಯ ಕಾರ್ಮಿಕ ಸಂಘದ ಮಹಾಸಮಿತಿ ಅಧಿಕಾರವನ್ನು ತನ್ನಲ್ಲೇ ಕೇಂದ್ರೀಕರಿಸುತ್ತಿದೆಯೆಂದು ಆಕ್ಷೇಪಿಸಿ ಸುತ್ತೋಲೆ ಹೊರಡಿಸಿದರು. ಆ ಚಳುವಳಿಯ ಮುಂದಾಳುಗಳಲ್ಲಿ ಒಬ್ಬನಾದ ಅದೆಮಾರ್ ಶ್ವಿಟ್ಸ್‌ಗೇಬೆಲ್ ಸ್ವತಃ ಕೆತ್ತನೆಗಾರ. ಲ ಲೋಕ್ಲಿನ ಓಗುಸ್ತ್ ಸ್ಪಿಶಿಜೆ ಗಿಯೋಶೆ ಕೆಲಸದವನು. ಮರುವರ್ಷ ಆ ಹಳ್ಳಿಗಳನ್ನು ಸಂದರ್ಶಿಸಿದ ರಷ್ಯದ ರಾಜಕುಮಾರ ಕ್ರೊಪಾಟ್ಕಿನ್, ಗಡಿಯಾರಗಾರರ ನಡುವೆ ಒಂದು ವಾರ ಕಳೆಯುವಷ್ಟರಲ್ಲಿ ತನ್ನ ರಾಜಕೀಯ ಮತ ನಿರ್ಧಾರವಾಯಿತೆಂದೂ, ತಾನು ಅರಾಜಕತಾವಾದಿಯಾದೆನೆಂದೂ ಬರೆದಿಟ್ಟಿದ್ದಾನೆ. ಕಾರ್ಖಾನೆಯ ಗದ್ದಲವಿಲ್ಲದ ಸಣ್ಣ ಕೋಣೆಗಳಲ್ಲಿ ಕೈ ಕೆಲಸ ಮಾಡುತ್ತಿರುವಾಗಲೇ ಮಾತು ನಡೆಯಬಹುದಾಗಿದ್ದುದು, ಯಾರ ಕಣ್ಗಾವಲೂ ಇಲ್ಲದೆ ತನ್ನ ಬುದ್ಧಿಯಿಂದಲೇ ಕೆಲಸವನ್ನು ತಿದ್ದಿಕೊಳ್ಳಬೇಕಾಗಿದ್ದುದು, ಇವರ ಸ್ವತಂತ್ರ ವಿಚಾರಕ್ಕೆ ಕಾರಣವೆಂದು ಅವನು ಕಂಡುಕೊಂಡನು. ಪರರ ಹೆಸರನ್ನು ಕೆತ್ತುತ್ತಿದ್ದವರು ಯಾರ ಹೆಸರಿನ ಅಧಿಕಾರವನ್ನೂ ಒಪ್ಪೆವೆಂದು ಘೋಷಿಸಿದ ಈ ಪ್ರಸಂಗ, ಕಲೆಯ ಚರಿತ್ರೆಗಳಲ್ಲಿ ಬಾರದಿದ್ದರೂ, ನನಗೆ ಅವರು ಕೆತ್ತಿದ ಯಾವ ಕವಚಕ್ಕಿಂತಲೂ ಕಡಮೆಯದಾಗಿ ಕಾಣುವುದಿಲ್ಲ.

ಆದರೆ ಅವರ ಕಾಲ ಮುಗಿಯುತ್ತ ಬಂದಿದ್ದಿತು. 1876ರ ಫಿಲಡೆಲ್ಫಿಯ ಮಹಾಪ್ರದರ್ಶನದಲ್ಲಿ ವಾಲ್ತಂ ಮೊದಲಾದ ಅಮೆರಿಕನ್ ಕಾರ್ಖಾನೆಗಳು ಯಂತ್ರದಿಂದಲೇ ಮಾಡಿದ ಗಡಿಯಾರಗಳನ್ನು ಕಂಡು ಸ್ವಿಸ್ ಪ್ರತಿನಿಧಿಗಳು ದಿಗ್ಭ್ರಾಂತರಾಗಿ ಹಿಂದಿರುಗಿದರು. ನಿಕ್ಕಲ್ ತಟ್ಟೆಗಳ ಮೇಲಿನ ಹೊಳೆಯುವ ವಿನ್ಯಾಸವನ್ನು ಕೂಡ ಅಲ್ಲಿ ಯಂತ್ರವೇ ಬರೆಯುತ್ತಿದ್ದಿತು.

ಆ ಹಿನ್ನಡೆಯ ಕಾಲದಲ್ಲಿಯೇ, 1887ರಲ್ಲಿ, ಲ ಶೋ ದ ಫೋಂನ ಗಡಿಯಾರದ ಮುಖಫಲಕಗಳಿಗೆ ಎನಾಮಲ್ ಹಾಕುವ ಕಸುಬುದಾರನೊಬ್ಬನಿಗೆ ಶಾರ್ಲ್ ಎದ್ವಾರ್ ಜಾನ್‌ರೆ ಎಂಬ ಮಗನು ಹುಟ್ಟಿದನು. ಹದಿಮೂರನೆಯ ವಯಸ್ಸಿಗೆ ಹುಡುಗ ಊರಿನ ಕಲಾಶಾಲೆಗೆ ಸೇರಿ ಗಡಿಯಾರದ ಕವಚ ಕೆತ್ತುವ ವಿದ್ಯೆಯನ್ನು ಕೈಗೊಂಡನು. ಅವನು ಕೆತ್ತಿದ ಕವಚವೊಂದು ಪ್ರದರ್ಶನದಲ್ಲಿ ಮನ್ನಣೆಯನ್ನೂ ಪಡೆಯಿತು. ಗುರು ಲೆಪ್ಲಾತೆನಿಯೆ ತನ್ನ ಶಿಷ್ಯರಿಗೆ ಹಳೆಯ ಪುರಾಣದ ಬಳ್ಳಿಗಳನ್ನು ಬಿಡಿಸಿ, ಜುರಾ ಬೆಟ್ಟದ ದೇವದಾರುವಿನ ರೆಂಬೆಯನ್ನೂ ಕಾಯಿಯನ್ನೂ ನೋಡಿ ಹೊಸ ಅಲಂಕಾರವನ್ನು ಕಟ್ಟಿಕೊಳ್ಳಲು ಕಲಿಸುತ್ತಿದ್ದನು. ಆದರೆ ಹುಡುಗನ ಕಣ್ಣುಗಳು ಬಲಹೀನವಾಗಿದ್ದುವು; ಈ ಕಸುಬಿಗೆ ಬೇಕಾದ ಮೊದಲ ಬಂಡವಾಳವೇ ಅವನಲ್ಲಿರಲಿಲ್ಲ. ಗುರು ಅವನನ್ನು ವಾಸ್ತುವಿದ್ಯೆಯ ಕಡೆಗೆ ತಿರುಗಿಸಿದನು. ಅವನು ಪಾಲ್ಗೊಂಡು ಕಟ್ಟಿದ ಮೊದಲ ಮನೆ, ಫಾಲೆ ಎಂಬ ಗಡಿಯಾರವ್ಯವಸಾಯಿಯದು. ಅದರ ಗೋಡೆಯ ತುಂಬ ದೇವದಾರುವಿನ ಕೆತ್ತನೆ. ತರುವಾಯ ಅವನು ಪ್ಯಾರಿಸ್ ಸೇರಿ, ತಂದೆಯಿಟ್ಟ ಹೆಸರನ್ನು ಬಿಟ್ಟು ಲ ಕಾರ್ಬೂಸಿಯೆ ಎಂಬ ಹೆಸರು ತಳೆದು, 1925ರಲ್ಲಿ ಅಲಂಕಾರವನ್ನೇ ಖಂಡಿಸುವ ಗ್ರಂಥವೊಂದನ್ನು ಬರೆದನು. ಪಂಜಾಬಿನ ಹೊಸ ರಾಜಧಾನಿ ಚಂಡೀಗಢದ ನಿರ್ಮಾಣಕ್ಕೆ ನಮ್ಮ ದೇಶ 1951ರಲ್ಲಿ ಬರಮಾಡಿಕೊಂಡದ್ದು ಈತನನ್ನೇ. ಅಲ್ಲಿನ ವಿಧಾನಭವನದ ಮಹಾದ್ವಾರಕ್ಕೆ ಅವನು ಸೂರ್ಯನನ್ನೂ ನದಿಯನ್ನೂ ವೃಕ್ಷವನ್ನೂ ಪ್ರಾಣಿಗಳನ್ನೂ ಚಿತ್ರಿಸಿ, ಆ ಚಿತ್ರಗಳನ್ನು ಉಕ್ಕಿನ ಫಲಕಗಳ ಮೇಲೆ ಎನಾಮಲ್ಲಿನಲ್ಲಿ ಹಾಕಿಸಿದನು. ಅಲಂಕಾರವನ್ನು ಖಂಡಿಸಿದವನು ಮುಪ್ಪಿನಲ್ಲಿ ತಂದೆಯ ಕಸುಬಿಗೇ ಮರಳಿದನೆಂದು ಆ ದ್ವಾರವನ್ನು ನೋಡಿದವರು ಹೇಳಿದರೆ ಅದು ಅತಿಶಯೋಕ್ತಿಯಾಗದು.

ಮೊದಲನೆಯ ಮಹಾಯುದ್ಧದ ಅನಂತರ ಜೇಬಿನ ಗಡಿಯಾರ ಮಣಿಕಟ್ಟಿಗೇರಿತು. ಕೆತ್ತಲು ಇದ್ದ ಸ್ವಲ್ಪ ಸ್ಥಳವೂ ಕಿರಿದಾಯಿತು. 1970ರ ದಶಕದ ಕ್ವಾರ್ಟ್ಸ್ ಗಡಿಯಾರಗಳ ಹೊಡೆತಕ್ಕೆ ಉಳಿದಿದ್ದ ಎಷ್ಟೋ ಕಾರ್ಯಾಗಾರಗಳು ಮುಚ್ಚಿಹೋದುವು. ಗಿಯೋಶೆ ತಿರುಗಣೆಗಳು ಹಳೆಯ ಕಬ್ಬಿಣದ ಬೆಲೆಗೆ ಮಾರಾಟವಾದುವು. ಈಚೆಗೆ ಮತ್ತೆ ಅವುಗಳನ್ನು ಹುಡುಕಿ ತಂದು ದುರಸ್ತಿಮಾಡಿ ನಡೆಸುವವರಿದ್ದಾರೆ. 2020ರಲ್ಲಿ ಯುನೆಸ್ಕೋ ಸಂಸ್ಥೆ ಸ್ವಿಟ್ಸರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಯಾಂತ್ರಿಕ ಗಡಿಯಾರದ ಕುಶಲಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಜರ್ಮನಿಯ ಗ್ಲಾಸ್‌ಹ್ಯೂಟೆ ಊರಿನಲ್ಲಿ, 1845ರಲ್ಲಿ ಸ್ಥಾಪಿತವಾಗಿ, ಎರಡನೆಯ ಮಹಾಯುದ್ಧದ ಬಳಿಕ ರಾಷ್ಟ್ರೀಕರಣಕ್ಕೊಳಗಾಗಿ, 1990ರಲ್ಲಿ ಪುನಃ ತಲೆಯೆತ್ತಿದ ಲಾಂಗೆ ಕಾರ್ಖಾನೆಯವರು ತಮ್ಮ ಗಡಿಯಾರಗಳ ಕಾಕನ್ನು ಇಂದಿಗೂ ಕೈಯಿಂದಲೇ ಕೆತ್ತಿಸುತ್ತಾರೆ. ಹೂವಿನ ಮಾದರಿ ಎಲ್ಲರಿಗೂ ಒಂದೇ. ಕೆತ್ತಿದವರ ಹೆಸರು ಅದರ ಮೇಲಿಲ್ಲ. ಆದರೆ ದಳದ ಅಂಚು ಬಾಗಿದ ರೀತಿಯಿಂದಲೇ ಇದು ಯಾರ ಕೈಯದೆಂದು ಆ ಕಾರ್ಯಾಗಾರದ ಸಹೋದ್ಯೋಗಿಗಳು ಗುರುತಿಸಬಲ್ಲರು.